ಕುರ್ಚಿ ಮಡಚುವುದಕ್ಕೆ ಯಾರಿದ್ದೀರಿ?

ಮೊಂತಿ ಹಬ್ಬ, ಅಂದರೆ ನಮ್ಮ ಕರಾವಳಿ ಕಥೋಲಿಕರ ತೆನೆ ಹಬ್ಬ, ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು, ಈ ಸಲ ಬಂದ ಪತ್ರಗಳಲ್ಲಿ ಐದು ಚರ್ಚ್ ಕೆಲಸದ ಬಗ್ಗೆಯೇ ಇವೆ. ಆದ್ದರಿಂದ ಅಡುಗೆ, ಅತ್ತೆ, ಮಕ್ಕಳ ಮೊಬೈಲು ಎಲ್ಲ ಮುಂದಿನ ಸಂಚಿಕೆಗೆ. ನಾನು ಧರ್ಮಶಾಸ್ತ್ರ ಓದಿದವಳಲ್ಲ. ಮಂಗಳೂರಿನ ಹೊರವಲಯದ ಒಂದು ಚರ್ಚ್‌ನಲ್ಲಿ ಎರಡು ಅವಧಿಗೆ ಗುರ್ಕಾರ್, ಅಂದರೆ ಒಂದು ವಾಡೊದ ಮನೆಗಳ ಮುಖ್ಯಸ್ಥೆ, ಆಗಿದ್ದೆ. ಬೈಸಿಕೊಂಡದ್ದೂ ಉಂಟು, ಬೈದದ್ದೂ ಉಂಟು. ಅಷ್ಟೇ ನನ್ನ ಅರ್ಹತೆ.

ಪ್ರಶ್ನೆ: ನಾನು ಶಿವಮೊಗ್ಗದ ಕಡೆಯವಳು. ಮದುವೆಯಾಗಿ ಮಂಗಳೂರಿಗೆ ಬಂದು ಎರಡು ವರ್ಷ ಆಯಿತು. ನಮ್ಮೂರಲ್ಲಿ ಪೂಜೆ ಕನ್ನಡದಲ್ಲಿ, ಇಲ್ಲಿ ಎಲ್ಲ ಕೊಂಕಣಿ. ಚರ್ಚ್‌ನಲ್ಲಿ ಏನಾದರೂ ಸೇವೆ ಮಾಡಬೇಕು ಅಂತ ತುಂಬಾ ಆಸೆ. ‘ಕೆಲಸ ಇದ್ದರೆ ಹೇಳಿ’ ಅಂತ ನಾಲ್ಕೈದು ಜನಕ್ಕೆ ಹೇಳಿದ್ದೇನೆ. ಎಲ್ಲರೂ ನಕ್ಕು ‘ಹೇಳ್ತೇವೆ ಬಾಯಿ’ ಅಂತಾರೆ. ಯಾರೂ ಹೇಳುವುದಿಲ್ಲ. ಹೊರಗಿನವಳು ಅಂತಲಾ? — ಓದುಗರು, ಕುಲಶೇಖರ

ಉತ್ತರ: ಹೊರಗಿನವರು ಅಂತ ಅಲ್ಲ. ‘ಕೆಲಸ ಇದ್ದರೆ ಹೇಳಿ’ ಅನ್ನುವ ಮಾತೇ ಉಪಯೋಗಕ್ಕೆ ಬಾರದ್ದು. ಅದನ್ನು ಕೇಳಿಸಿಕೊಂಡವರು ಈಗ ನಿಮಗಾಗಿ ಒಂದು ಕೆಲಸ ಹುಡುಕಬೇಕು, ನಿಮಗೆ ಯಾವಾಗ ಬಿಡುವು ಅಂತ ವಿಚಾರಿಸಬೇಕು, ನಿಮಗೆ ಏನು ಬರುತ್ತದೆ ಅಂತ ಊಹಿಸಬೇಕು. ಅವರಿಗೇ ಒಂದು ಕೆಲಸ ಜಾಸ್ತಿ ಆಯಿತಲ್ವಾ? ಅದರ ಬದಲು ಹೀಗೆ ಹೇಳಿ ನೋಡಿ: ‘ಶನಿವಾರ ನಾಲ್ಕರಿಂದ ಐದೂವರೆ ನಾನು ಖಾಲಿ, ಅಲ್ತಾರಿಗೆ (ಪೂಜಾಪೀಠಕ್ಕೆ) ಹೂವು ಜೋಡಿಸುವವರ ಜೊತೆ ಬರಲಾ?’ ಇದಕ್ಕೆ ಹೌದು ಅಥವಾ ಬೇಡ ಎರಡೇ ಉತ್ತರ. ಹತ್ತರಲ್ಲಿ ಒಂಬತ್ತು ಸಲ ಹೌದು ಅಂತಾರೆ, ಯಾಕೆಂದರೆ ಶನಿವಾರ ನಾಲ್ಕು ಗಂಟೆಗೆ ಜನ ಸಿಗುವುದೇ ಇಲ್ಲ ಮಾರಾಯ್ರೆ.

ಎರಡನೆಯದು, ನೀವು ಕೇಳುತ್ತಿರುವ ಬಾಗಿಲು ಸರಿಯಾ ನೋಡಿ. ನಮ್ಮ ಕಡೆ ಪ್ರತಿ ಚರ್ಚ್ ವಾಡೊಗಳಾಗಿ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪುಗಳಾಗಿ, ಹಂಚಿಕೊಂಡಿರುತ್ತದೆ, ಒಂದೊಂದು ವಾಡೊಗೆ ಒಬ್ಬ ಗುರ್ಕಾರ್. ಫಾದರ್ ಹೇಳಿದ್ದನ್ನು ಮನೆಗೆ, ಮನೆಯವರು ಹೇಳಿದ್ದನ್ನು ಫಾದರ್‌ಗೆ ಮುಟ್ಟಿಸುವವರು ಇವರೇ. ಯಾರದೋ ಮನೆಯಲ್ಲಿ ಸಾವಾದರೆ ಮೊದಲ ಫೋನು ಬರುವುದು ಗುರ್ಕಾರ್‌ಗೆ. ಚರ್ಚ್ ಅಂಗಳದಲ್ಲಿ ಸಿಕ್ಕಿದವರಿಗೆಲ್ಲ ಹೇಳುವುದಕ್ಕಿಂತ ಗುರ್ಕಾರ್ ಮನೆಗೆ ಒಂದು ಸಂಜೆ ಹೋಗಿ ಚಾ ಕುಡಿದು ಬನ್ನಿ. ಮನೆಯಿಂದ ಮನೆಗೆ ಸುತ್ತುವ ವಾಡೊ ಪ್ರಾರ್ಥನಾ ಕೂಟ ಇರುತ್ತದಲ್ಲ, ಅದಕ್ಕೆ ಹತ್ತು ನಿಮಿಷ ಮೊದಲೇ ಹೋಗಿ ಚಾಪೆ ಹಾಸಲು ಕೈಹಾಕಿ. ಚರ್ಚ್ ಮೈಕಿನಲ್ಲಿ ಆಗದ ಪರಿಚಯ ಚಾಪೆ ಹಾಸುವಾಗ ಆಗುತ್ತದೆ. ಒಂದು ಎಚ್ಚರಿಕೆಯನ್ನೂ ಕೊಡುತ್ತೇನೆ, ನನ್ನದೇ ತಪ್ಪಿನಿಂದ: ಒಮ್ಮೆ ಕೂಟದ ದಿನ ಬದಲಾದದ್ದನ್ನು ಒಂದು ಮನೆಗೆ ಹೇಳುವುದಕ್ಕೆ ಮರೆತೆ. ಪಾಪ, ಅವರು ಹಳೆಯ ದಿನಕ್ಕೇ ಹೋಗಿ ಬಾಗಿಲು ಬಡಿದು ವಾಪಸ್ ಬಂದರು. ಒಂದು ವರ್ಷ ನನ್ನ ಹತ್ತಿರ ಮಾತಿಲ್ಲ. ಆದ್ದರಿಂದ ಯಾರಾದರೂ ನಿಮ್ಮನ್ನು ಕರೆಯಲು ಮರೆತರೆ ಅದು ಬರೀ ಮರೆವೂ ಆಗಿರಬಹುದು.

ಕೊಂಕಣಿಯ ಭಯ ಬೇಡ. ಇಲ್ಲಿನ ಕ್ರೈಸ್ತರು ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲೇ. 1938ರಲ್ಲಿ ಶುರುವಾದ ‘ರಾಕ್ಣೊ’ ವಾರಪತ್ರಿಕೆಯೂ ಕನ್ನಡ ಅಕ್ಷರದಲ್ಲೇ. ಅಂದರೆ ನೀವು ಈಗಲೇ ಓದಬಲ್ಲಿರಿ, ಅರ್ಥ ಆಗುವುದಷ್ಟೇ ಬಾಕಿ. ಮನೆಯಲ್ಲಿ ವಾರಕ್ಕೊಂದು ಪುಟ ಜೋರಾಗಿ ಓದಿ. ಅತ್ತೆ ನಗಲಿ, ನಕ್ಕು ನಕ್ಕು ತಿದ್ದುತ್ತಾರೆ.

ಶುರು ಮಾಡಲು ಮೊಂತಿ ಹಬ್ಬಕ್ಕಿಂತ ಒಳ್ಳೆಯ ಸಮಯ ಇಲ್ಲ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ಅದಕ್ಕೆ ಮೊದಲು ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ಬುಟ್ಟಿ ತುಂಬಾ ಹೂವು ತಂದು ಬಾಲ ಮರಿಯಮ್ಮನ ಮೂರ್ತಿಗೆ ಹಾಕುತ್ತಾರೆ. ನೋಡುವುದಕ್ಕೆ ಎಷ್ಟು ಚೆಂದ! ಆದರೆ ಒಂಬತ್ತೂ ದಿನ ಆ ಹೂವನ್ನು ಗುಡಿಸುವವರು ಯಾರು? ಮಳೆಗಾಲದ ಹೂವು ನೆಲಕ್ಕೆ ಅಂಟಿಕೊಂಡರೆ ಜಾರುತ್ತದೆ, ವಯಸ್ಸಾದವರು ಬೀಳುತ್ತಾರೆ. ಹಬ್ಬದ ದಿನ ಕಬ್ಬು ತುಂಡು ಮಾಡಿ ಹಂಚಬೇಕು. ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಇಷ್ಟು ಅಂತ ಕಟ್ಟಿ ಕೊಡಬೇಕು. ಆ ತೆನೆಯ ಅಕ್ಕಿಯನ್ನು ಅವತ್ತು ಪ್ರತಿ ಮನೆಯಲ್ಲೂ ಪಾಯಸಕ್ಕೋ ತೆಂಗಿನ ಹಾಲಿಗೋ ಸೇರಿಸಿ ಎಲ್ಲರೂ ಕೂತು ತಿನ್ನುತ್ತಾರೆ, ಊಟ ಪೂರ್ತಿ ಸಸ್ಯಾಹಾರ. ದುಬೈಯಲ್ಲೋ ಮುಂಬೈಯಲ್ಲೋ ಇರುವ ಮಗನಿಗೆ ಲಕೋಟೆಯಲ್ಲಿ ಕಳಿಸಲು ‘ಇನ್ನೆರಡು ತೆನೆ ಕೊಡಿ’ ಅಂತ ಕೇಳುವವರು ಇದ್ದೇ ಇರುತ್ತಾರೆ, ಲೆಕ್ಕ ತಪ್ಪಿದರೆ ಕೊನೆಯ ನಾಲ್ಕು ಮನೆಗೆ ತೆನೆ ಇಲ್ಲ, ಜಗಳ ಉಂಟು. ಈ ಹಬ್ಬವನ್ನು ಹೀಗೆ ತೆನೆ ಸಮೇತ ಆಚರಿಸುವುದು 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚ್‌ನಲ್ಲಿ ಫಾದರ್ ಜೋಕಿಂ ಮಿರಾಂದಾ ಅವರಿಂದ ಶುರುವಾಯಿತು ಅಂತ ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಅವತ್ತಿನಿಂದಲೂ ಯಾರೋ ಒಬ್ಬರು ಕೂತು ತೆನೆ ಎಣಿಸಿರಲೇಬೇಕು. ಎಣಿಸುವುದಕ್ಕೆ ಕೊಂಕಣಿ ಬೇಡ. ಹೋಗಿ ಕೂತುಕೊಳ್ಳಿ.

ಪ್ರಶ್ನೆ: ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ಚರ್ಚ್ ಪಾಲನಾ ಮಂಡಳಿಗೆ ಆಯ್ಕೆಯಾದೆ. ಸಭಾಂಗಣಕ್ಕೆ ಟೈಲ್ಸ್ ಹಾಕುವ ಮೊದಲು ಛಾವಣಿ ರಿಪೇರಿ ಆಗಲಿ ಅಂದೆ. ಹೆಚ್ಚಿನವರು ನನ್ನ ಪರ ಇದ್ದರು. ಆದರೂ ಫಾದರ್ ಟೈಲ್ಸ್ ಕೆಲಸವನ್ನೇ ಶುರುಮಾಡಿದರು. ಲೆಕ್ಕ ಕೇಳಿದರೆ ಮುಖ ಸಿಂಡರಿಸುತ್ತಾರೆ. ರಾಜೀನಾಮೆ ಕೊಟ್ಟುಬಿಡಲೇ? — ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಛಾವಣಿಯ ವಿಷಯದಲ್ಲಿ ನೀವು ಹೇಳಿದ್ದೇ ಸರಿ ಅಂತ ನನಗೂ ಅನಿಸುತ್ತದೆ, ನಮ್ಮ ಜೂನ್ ತಿಂಗಳ ಮಳೆ ಟೈಲ್ಸ್ ನೋಡಿ ನಿಲ್ಲುವುದಿಲ್ಲ. ಆದರೆ ನಿಯಮ ತಿಳಿದುಕೊಂಡು ಜಗಳಕ್ಕೆ ಇಳಿಯಿರಿ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ಉಂಟಲ್ಲ, ಅದರ 536ನೇ ವಿಧಿಯ ಪ್ರಕಾರ ಪಾಲನಾ ಮಂಡಳಿಗೆ ಇರುವುದು ಸಲಹೆ ಕೊಡುವ ಮತ ಮಾತ್ರ. ನಗರಸಭೆಯ ಹಾಗೆ ಕೈ ಎತ್ತಿಸಿ ಎಣಿಸಿ ತೀರ್ಮಾನ ಮಾಡುವ ಜಾಗ ಅದಲ್ಲ. ಬೇಸರ ಆಗಬಹುದು, ಆದರೆ ಇದು ಮೊದಲೇ ಗೊತ್ತಿದ್ದರೆ ಆಗುವ ಬೇಸರ ಅರ್ಧಕ್ಕರ್ಧ ಕಮ್ಮಿ.

ಹಾಗಂತ ಬಾಯಿ ಮುಚ್ಚಿಕೊಂಡು ಕೂರಬೇಕಾಗಿಲ್ಲ. 537ನೇ ವಿಧಿ ಪ್ರತಿ ಚರ್ಚ್‌ಗೂ ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತದೆ. ಪಾಲನಾ ಮಂಡಳಿ ಮಾಡುವುದು ಬಿಷಪ್ಪರ ತೀರ್ಮಾನಕ್ಕೆ ಬಿಟ್ಟದ್ದು, ಹಣಕಾಸು ಸಮಿತಿ ಹಾಗಲ್ಲ. ಮತ್ತೆ 1287ನೇ ವಿಧಿ ಇನ್ನೂ ಸ್ಪಷ್ಟ: ಜನ ಚರ್ಚ್‌ಗೆ ಕೊಟ್ಟದ್ದರ ಲೆಕ್ಕವನ್ನು ಜನಕ್ಕೆ ಒಪ್ಪಿಸಬೇಕು. ಲೆಕ್ಕ ಕೇಳುವುದು ಅಧಿಕಪ್ರಸಂಗ ಅಲ್ಲ.

ಇನ್ನು ನಿಮಗೆ ನೇರವಾಗಿ ಒಂದು ಮಾತು, ಕೋಪ ಬೇಡ. ನಿವೃತ್ತ ಮ್ಯಾನೇಜರುಗಳು ಲೆಕ್ಕ ಕೇಳುವ ದನಿ ಉಂಟಲ್ಲ, ಅದು ಪಕ್ಕಾ ಇನ್‌ಸ್ಪೆಕ್ಷನ್ ದನಿ. ಆ ದನಿಗೇ ಎದುರಿನವರ ಮುಖ ಸಿಂಡರಿಸುತ್ತದೆ. ‘ಲೆಕ್ಕ ಎಲ್ಲಿ’ ಅನ್ನುವ ಬದಲು ‘ಮೂರು ತಿಂಗಳಿಗೊಮ್ಮೆ ಆದಾಯ-ಖರ್ಚಿನ ಒಂದು ಪುಟ ನಾನೇ ಟೈಪ್ ಮಾಡಿ ನೋಟಿಸ್ ಬೋರ್ಡಿಗೆ ಹಾಕುತ್ತೇನೆ, ಫಾದರ್, ವೋಚರ್ ಕೊಡಿ ಸಾಕು’ ಅಂತ ಹೇಳಿ. ಒಪ್ಪಿದರೆ ಊರಿಗೆಲ್ಲ ಲೆಕ್ಕ ಕಾಣುತ್ತದೆ. ಒಪ್ಪದಿದ್ದರೆ ಯಾಕೆ ಅಂತ ಸಭೆಯಲ್ಲಿ ಕೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ. ರಾಜೀನಾಮೆ ಮಾತ್ರ ಈಗಲೇ ಬೇಡ. ಛಾವಣಿ ಸೋರುವ ದಿನ ನೀವು ಒಳಗೆ ಇರಬೇಕಲ್ವಾ.

ಪ್ರಶ್ನೆ: ನನಗೆ 21. ನಮ್ಮ ಚರ್ಚ್‌ನಲ್ಲಿ ಯುವಜನರು ಅಂದರೆ ಕುರ್ಚಿ ಹಾಕುವವರು, ಕುರ್ಚಿ ಮಡಚುವವರು, ಪಾರ್ಕಿಂಗ್ ನೋಡುವವರು. ಹಬ್ಬ ಮುಗಿದ ಮೇಲೆ ಶಾಲು, ಹಾರ ಎಲ್ಲ ದೊಡ್ಡವರಿಗೆ. ಮೀಟಿಂಗಿನಲ್ಲಿ ಬಾಯಿ ತೆರೆದರೆ ‘ನೀನಿನ್ನೂ ಸಣ್ಣವ’. — ಐಸಿವೈಎಂ (ಕಥೋಲಿಕ ಯುವಜನ ಸಂಘಟನೆ) ಹುಡುಗ, ಶಿರ್ವ

ಉತ್ತರ: ಶಾಲಿನ ವಿಷಯ ಬಿಡು ಮಗಾ, ಆ ಶಾಲುಗಳೆಲ್ಲ ಕಪಾಟಿನಲ್ಲೇ ಇರುತ್ತವೆ, ನನ್ನದೂ ಎರಡುಂಟು. ಮೀಟಿಂಗಿನ ದೂರು ಮಾತ್ರ ನ್ಯಾಯವಾದದ್ದು. ಕುರ್ಚಿ ಎತ್ತುವವನಿಗೆ ಕುರ್ಚಿ ಎಷ್ಟು ಬೇಕು ಅಂತ ಮಾತಾಡುವ ಸಭೆಯಲ್ಲೂ ಒಂದು ಕುರ್ಚಿ ಬೇಕು. ನನ್ನ ಅವಧಿಯಲ್ಲಿ ನಾನೂ ಇದನ್ನು ಸರಿಯಾಗಿ ಮಾಡಲಿಲ್ಲ.

ಪಾರ್ಕಿಂಗ್ ಕೆಲಸವನ್ನು ಕೀಳು ಅಂದುಕೊಳ್ಳಬೇಡ. ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಹೋಗಿದ್ದೀಯಲ್ಲ? ಸಂತ ಲಾರೆನ್ಸರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಬರುತ್ತಾರೆ, ಆ ಚರ್ಚ್‌ಗೆ 2016ರಲ್ಲಿ ಬಸಿಲಿಕಾ ಅನ್ನುವ ವಿಶೇಷ ಗೌರವವೂ ಸಿಕ್ಕಿತು. ಅಲ್ಲಿಗೆ ಬಂದ ಅಜ್ಜಿಗೆ ನೆನಪಿರುವುದು ಪ್ರವಚನ ಅಲ್ಲ, ‘ಈ ಕಡೆ ಬನ್ನಿ ಅಮ್ಮಾ, ಮೆಟ್ಟಿಲುಂಟು’ ಅಂತ ಕೈ ಹಿಡಿದ ಹುಡುಗ.

ಮತ್ತೆ ‘ಸಣ್ಣವ’ ಅಂದರೆ ಈ ಕತೆ ಹೇಳು. ನಮ್ಮ ಎಷ್ಟೋ ಚರ್ಚ್‌ಗಳಲ್ಲಿ ಬಡವರ ಮನೆಗೆ ಅಕ್ಕಿ, ಮದ್ದು, ಶಾಲೆಯ ಫೀಸು ಮುಟ್ಟಿಸುವ ಸಂತ ವಿನ್ಸೆಂಟ್ ಪಾವ್ಲ್ ಸಭೆ ಉಂಟಲ್ಲ, ಎಸ್‌ವಿಪಿ, ಅದನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಶುರುಮಾಡಿದ ಫ್ರೆಡೆರಿಕ್ ಓಝಾನಾಂಗೆ ಆಗ ಇಪ್ಪತ್ತು ವರ್ಷ. ಕಾಲೇಜು ಹುಡುಗ. ‘ನಿಮ್ಮ ಧರ್ಮ ಹಿಂದೆ ಏನೋ ಮಾಡಿರಬಹುದು, ಈಗ ನೀವು ಏನು ಮಾಡುತ್ತಿದ್ದೀರಿ?’ ಅಂತ ಚರ್ಚೆಯೊಂದರಲ್ಲಿ ಯಾರೋ ಚುಚ್ಚಿದರು. ಅದಕ್ಕೆ ಅವನು ಉತ್ತರದ ಭಾಷಣ ಬರೆಯುತ್ತಾ ಕೂರಲಿಲ್ಲ. ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗೆ ಹೋದ. ನೀವೂ ಒಂದು ಕೆಲಸ ಪೂರ್ತಿ ನಿಮ್ಮದೇ ಅಂತ ಹಿಡಿಯಿರಿ. ಮಕ್ಕಳೆಲ್ಲ ವಿದೇಶದಲ್ಲಿರುವ ಎಷ್ಟೋ ಮನೆಗಳಲ್ಲಿ ಮುದುಕರು ಇಬ್ಬರೇ ಇದ್ದಾರೆ. ಆಸ್ಪತ್ರೆಗೆ ಕರೆದುಕೊಂಡು ಹೋಗಲು, ಪೆನ್ಶನ್ನಿನ ಜೀವಂತ ಪ್ರಮಾಣಪತ್ರ ಮೊಬೈಲಿನಲ್ಲಿ ಮಾಡಿಕೊಡಲು, ರಾತ್ರಿ ರಕ್ತ ಬೇಕಾದಾಗ ಓಡಲು ನಿಮ್ಮಂಥವರೇ ಬೇಕು. ಒಬ್ಬರೇ ಹೋಗಬೇಡಿ, ಇಬ್ಬಿಬ್ಬರು ಹೋಗಿ. ಯಾರ ಮನೆಯಲ್ಲಿ ಏನು ನೋಡಿದಿರಿ ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ, ಅಕ್ಕಿ ಚೀಲದ ಜೊತೆ ಫೋಟೋ ಅಂತೂ ಬೇಡವೇ ಬೇಡ.

ಪ್ರಶ್ನೆ: ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್) ಸಭೆ. ಸಂಡೇ ಸ್ಕೂಲು, ಕ್ವಾಯರ್, ಸ್ತ್ರೀಯರ ಕೂಟದ ಕಾರ್ಯದರ್ಶಿ, ಬೇಸಿಗೆಯಲ್ಲಿ ವಿಬಿಎಸ್ (ಮಕ್ಕಳ ರಜಾ ಬೈಬಲ್ ಶಾಲೆ), ಎಲ್ಲ ನನ್ನ ತಲೆ ಮೇಲೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಬೇಡ ಅನ್ನಲು ಬಾಯಿ ಬರುವುದಿಲ್ಲ, ದೇವರ ಕೆಲಸ ಅಲ್ವಾ. ಹೋದ ಭಾನುವಾರ ಪಾಠ ಮಾಡುತ್ತಾ ಮಕ್ಕಳಿಗೆ ಸುಮ್ನೆ ಬೈದುಬಿಟ್ಟೆ, ಮನೆಗೆ ಬಂದು ಅತ್ತೆಗೂ ಬೈದೆ. — ಓದುಗರು, ಮಂಗಳೂರು

ಉತ್ತರ: ಅತ್ತೆಯ ಮೈ ಒರೆಸುವುದು ದೇವರ ಕೆಲಸ ಅಲ್ಲ ಅಂತ ನಿಮಗೆ ಯಾರು ಹೇಳಿದರು?

ಎರಡು ಇಟ್ಟುಕೊಳ್ಳಿ, ಎರಡು ಬಿಡಿ. ಯಾವುದು ಅಂತ ನಾನು ಹೇಳುವುದಿಲ್ಲ, ಭಾನುವಾರ ಬೆಳಿಗ್ಗೆ ಎದ್ದಾಗ ಯಾವುದನ್ನು ನೆನೆದರೆ ಹೊಟ್ಟೆ ಭಾರ ಆಗುತ್ತದೋ ಅದನ್ನು ಬಿಡಿ. ಬಿಡುವಾಗ ದಿನ ಹಾಕಿ ಬಿಡಿ. ‘ಸ್ವಲ್ಪ ಕಷ್ಟ ಆಗ್ತಿದೆ’ ಅಂದರೆ ಸಭಾಪಾಲಕರು ಪ್ರಾರ್ಥನೆ ಮಾಡಿ ಕಳಿಸುತ್ತಾರೆ, ಕೆಲಸ ಹಾಗೇ ಇರುತ್ತದೆ. ‘ಡಿಸೆಂಬರ್ ಮೂವತ್ತೊಂದಕ್ಕೆ ನನ್ನ ಕೊನೆ, ಅಷ್ಟರೊಳಗೆ ಇಬ್ಬರಿಗೆ ಕಲಿಸಿಕೊಡುತ್ತೇನೆ’ ಅಂತ ಬರೆದು ಕೊಡಿ. ಸಂಡೇ ಸ್ಕೂಲಿಗೆ ಹೇಗೂ ಇಬ್ಬರು ಬೇಕು. ಮಕ್ಕಳ ಕೋಣೆಯಲ್ಲಿ ದೊಡ್ಡವರು ಒಬ್ಬರೇ ಇರಬಾರದು, ಮಕ್ಕಳ ದೃಷ್ಟಿಯಿಂದಲೂ ನಿಮ್ಮ ದೃಷ್ಟಿಯಿಂದಲೂ.

ನೀವು ಬಿಟ್ಟರೆ ಸಭೆ ನಿಂತುಹೋಗುತ್ತದೆ ಅನ್ನುವ ಭಯ ಇದ್ದರೆ, ನಿಮ್ಮದೇ ಸಭೆಯ ಹಳೆಯ ಕತೆ ನೆನಪಿಸುತ್ತೇನೆ. ನಿಮ್ಮ ಸಭೆಗೆ ಇಲ್ಲಿ ಬುನಾದಿ ಹಾಕಿದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಇದ್ದದ್ದು ಮೂರೇ ಜನ. ಪತ್ರಿಕೆ ಮಾಡಿದ್ದು ಆಮೇಲೆ ಬಂದ ಮೊಗ್ಲಿಂಗ್, 1843ರ ‘ಮಂಗಳೂರ ಸಮಾಚಾರ’. ಹೆಂಚಿನ ಕಾರ್ಖಾನೆ ಹಾಕಿದ್ದು ಇನ್ನೊಬ್ಬರು, 1865ರಲ್ಲಿ. ನಿಘಂಟು ಕಿಟೆಲ್ಲರದ್ದು, ಅದು ಅಚ್ಚಾಗುವಾಗ 1894. ಮೊದಲು ಬಂದ ಮೂವರೇ ಹೆಂಚನ್ನೂ ಸುಟ್ಟು ನಿಘಂಟನ್ನೂ ಬರೆಯಲು ಹೊರಟಿದ್ದರೆ ಎರಡೂ ಆಗುತ್ತಿರಲಿಲ್ಲ. ಮಕ್ಕಳಿಗೆ ಬೈದದ್ದಕ್ಕೆ ಬರುವ ಭಾನುವಾರ ಅವರಲ್ಲೇ ಸಾರಿ ಕೇಳಿ, ಮಕ್ಕಳು ಬೇಗ ಮರೆಯುತ್ತಾರೆ. ಅತ್ತೆಗೆ ಸ್ವಲ್ಪ ಜಾಸ್ತಿ ದಿನ ಬೇಕಾಗಬಹುದು.

ಪ್ರಶ್ನೆ: ನಾವು ಹಿಂದೂಗಳು, ಮನೆ ಚರ್ಚ್‌ನ ಕಾಂಪೌಂಡಿಗೆ ತಾಗಿಯೇ ಉಂಟು. ವಾರ್ಷಿಕ ಹಬ್ಬಕ್ಕೆ ಪ್ರತಿ ವರ್ಷ ಊಟಕ್ಕೆ ಕರೆಯುತ್ತಾರೆ, ಹೋಗುತ್ತೇವೆ. ಬರೀ ಉಂಡು ಬರುವುದಕ್ಕೆ ಸಂಕೋಚ. ನಾವೂ ಏನಾದರೂ ಕೆಲಸ ಮಾಡಬಹುದಾ, ತಪ್ಪಾಗುತ್ತದಾ? — ಓದುಗರು, ಕಲ್ಯಾಣಪುರ

ಉತ್ತರ: ತಪ್ಪು ಎಂತದ್ದು! ಪೂಜೆಯೊಳಗಿನ ಕೆಲಸಗಳು, ಪ್ರಸಾದ ಹಂಚುವುದು ಅಂಥದ್ದು ಮಾತ್ರ ಅದಕ್ಕೆ ನೇಮಿಸಿದವರದ್ದು. ಉಳಿದದ್ದೆಲ್ಲ ಕೈ ಇದ್ದವರದ್ದು. ನಿಮ್ಮ ಅಂಗಳದಲ್ಲಿ ಹತ್ತು ಬೈಕ್ ನಿಲ್ಲಿಸಲು ಬಿಟ್ಟರೆ ಅದೇ ದೊಡ್ಡ ಸೇವೆ, ಮೇಲಿನ ಶಿರ್ವದ ಹುಡುಗನನ್ನು ಕೇಳಿ ನೋಡಿ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಹಬ್ಬದ ಹಿಂದಿನ ರಾತ್ರಿ ಅಡುಗೆ ಶೆಡ್ಡಿಗೆ ಹೋಗಿ, ತರಕಾರಿ ಹೆಚ್ಚುವುದು ಅಲ್ಲೇ. ರಾತ್ರಿ ಹನ್ನೊಂದರ ತನಕ ಕೊಂಕಣಿ, ತುಳು, ಕನ್ನಡ ಮೂರೂ ಸೇರಿಸಿ ಊರಿನ ಸುದ್ದಿಯೆಲ್ಲ ಅಲ್ಲಿ ಸಿಗುತ್ತದೆ. ಚೂರಿ ಮಾತ್ರ ಮನೆಯಿಂದಲೇ ತೆಗೆದುಕೊಂಡು ಹೋಗಿ, ಚರ್ಚ್ ಅಡುಗೆಮನೆಯ ಚೂರಿಯಲ್ಲಿ ಬೆಣ್ಣೆಯೂ ಕತ್ತರಿಸುವುದಿಲ್ಲ.