ಅತ್ತೆ ಜೊತೆ ಅಡುಗೆಮನೆ ಜಟಾಪಟಿ: ಬೇರೆ ಮನೆ ಮಾಡಬೇಕಾ?

ಉಪ್ಪು, ಹುಳಿ, ಒಗ್ಗರಣೆ ಎಲ್ಲದಕ್ಕೂ ಅತ್ತೆ ಜೊತೆ ಕಿರಿಕಿರಿ, ಬೇರೆ ಮನೆ ಮಾಡುವುದೇ ದಾರಿಯಾ ಅಂತ ಕೇಳಿದ್ದೀರಿ. ಅಷ್ಟಕ್ಕೆಲ್ಲ ಬೇರೆ ಮನೆ ಬೇಡ. ಅತ್ತೆ ಅದನ್ನು ಹಾಗೇ ಯಾಕೆ ಮಾಡುತ್ತಾರೆ ಅಂತ ಒಮ್ಮೆ ಅವರನ್ನೇ ಕೇಳಿ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ನಮ್ಮ ಜಗಳ ಅಪ್ಪೆಮಿಡಿಗೆ, ಅಂದರೆ ಉಪ್ಪಿನಕಾಯಿ ಹಾಕುವ ಎಳೆ ಮಾವಿನಕಾಯಿಗೆ. ಮಾವನಿಗೆ ಬಿಪಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅತ್ತೆ ನೋಡಿದರೆ ಜೀರಿಗೆ ಪರಿಮಳದ ಮಿಡಿಯ ಮೇಲೆ ಗೋಕರ್ಣ ಹತ್ತಿರದ ಸಾಣಿಕಟ್ಟಾದ ಹರಳುಪ್ಪನ್ನು ಬೊಗಸೆ ಬೊಗಸೆ ಸುರಿಯುತ್ತಿದ್ದರು. "ಅರ್ಧ ಸಾಕು ಅತ್ತೆ" ಅಂದೆ.

"ಮಳೆಗಾಲದಲ್ಲಿ ಎಂತ ತಿನ್ನದು ತಂಗೀ, ಬೂಸಲಾ?"

ಆಮೇಲೆ ಮಾತೆಲ್ಲ ನನ್ನ ಮಗನ ಮೂಲಕ. "ನಿನ್ನ ಅಮ್ಮಂಗೆ ಹೇಳು, ತಂಬುಳಿಗೆ ಮಜ್ಜಿಗೆ ಸಾಲ್ತಿಲ್ಲೆ." ನಾನು ಅಲ್ಲೇ ಪಕ್ಕದಲ್ಲಿ ಒಗ್ಗರಣೆ ಹಾಕುತ್ತಿದ್ದೆ! ಮಗ ಪಾಪ, ಅದನ್ನೂ ನಿಯತ್ತಾಗಿ ನನಗೆ ಹೇಳುತ್ತಿದ್ದ.

ಕೊನೆಗೆ ನಾನೇ ಕೇಳಿದೆ, ಅಷ್ಟು ಉಪ್ಪು ಯಾಕೆ ಅಂತ. ಅತ್ತೆ ಭರಣಿ ತೆಗೆದು ತೋರಿಸಿದರು. ಉಪ್ಪು ಮಿಡಿಯ ನೀರನ್ನೆಲ್ಲ ಹೊರಗೆ ಎಳೆಯುತ್ತದೆ, ಮಿಡಿ ಚಿರುಟುತ್ತದೆ. ಆ ಗಟ್ಟಿ ಉಪ್ಪುನೀರಿನಲ್ಲಿ ಬೂಸಲು ಬೆಳೆಯುವುದಿಲ್ಲ. ಉಪ್ಪು ಕಡಿಮೆಯಾದರೆ ನಮ್ಮ ಮಲೆನಾಡಿನ ಮಳೆಗೆ ಎಲ್ಲ ಕೊಳೆತುಹೋಗುತ್ತದೆ. ಅವರ ಮಾತು ಸರಿ. ಮಾವನ ಬಿಪಿ ಬಗ್ಗೆ ನನ್ನ ಮಾತೂ ಸರಿ, ಅಲ್ವಾ?

ಹಾಗಾಗಿ ಪಾಲು ಮಾಡಿಕೊಂಡೆವು. ಭರಣಿಯ ಲೆಕ್ಕ ಅತ್ತೆಯದು, ಊಟದ ಬಾಳೆಲೆ ಮೇಲಿನ ಲೆಕ್ಕ ನನ್ನದು. ಮಾವನಿಗೆ ಊಟಕ್ಕೆ ಅರ್ಧ ಮಿಡಿ, ರಸ ಇಲ್ಲ. ಒಂದೆಲಗದ ತಂಬುಳಿಗೆ ಉಪ್ಪು ಹಾಕುವುದಿಲ್ಲ, ಬೇಕಾದವರು ಬಡಿಸಿಕೊಳ್ಳುತ್ತಾರೆ. ಭರಣಿಗೆ ಯಾರೂ ಕೈಹಾಕುವುದಿಲ್ಲ ಅಂತಾದ ಮೇಲೆ ಅತ್ತೆಗೂ ಸಮಾಧಾನ. ಒಂದು ಮಾತು, ದಯವಿಟ್ಟು ಗಂಡನನ್ನು ಪಂಚಾಯ್ತಿಗೆ ಕರೆಯಬೇಡಿ. ತಾಯಿ-ಹೆಂಡತಿ ನಡುವೆ ತೀರ್ಪು ಹೇಳು ಅಂದರೆ ಯಾರಿಗಾದರೂ ಕಷ್ಟವೇ.

ಈಗ ಮಾವ ಕದ್ದು ಮಿಡಿ ತೆಗೆಯಲು ಹೋದರೆ ಮೊದಲು ಕೂಗುವುದು ಅತ್ತೆ. ಒದ್ದೆ ಚಮಚ ತಾಗಿದರೆ ಇಡೀ ಭರಣಿಯೇ ಹಾಳು ಅಂತ ಅವರಿಗೆ ಗಾಬರಿ. "ತಂಗೀ, ಓಡಿ ಬಾ!" ನಾನು ಓಡುತ್ತೇನೆ. ನೀವಿಬ್ಬರೂ ಯಾವಾಗ ಒಂದೇ ಪಾರ್ಟಿ ಆದ್ರಿ ಅಂತ ಮಾವ ಸಿಟ್ಟು ಮಾಡುತ್ತಾರೆ.