ಕಡತ ಕಿತ್ತುಕೊಂಡರೆ ಕಾರಣ ಕೇಳು

ತಂಗಿ, ಧಾರವಾಡದಿಂದ ನ್ಯೂಯಾರ್ಕಿಗೆ ಎಲ್‌ಎಲ್‌ಎಂ ಓದಲು ಬರುತ್ತಿರುವ ನೀನು ಮೂರು ವಿಷಯ ಕೇಳಿದ್ದೀಯೆ: ಮನೆ, ಚಳಿ, ಮತ್ತು ನಮ್ಮ ಬಣ್ಣದ ಹೆಣ್ಣುಮಗಳನ್ನು ಇಲ್ಲಿನ ವಕೀಲರ ಕಚೇರಿಗಳು ಹೇಗೆ ಕಾಣುತ್ತವೆ ಎಂಬುದು. ಮನೆಯನ್ನು ಕ್ವೀನ್ಸ್‌ನಲ್ಲಿ ಹುಡುಕು, ಜಾಕ್ಸನ್ ಹೈಟ್ಸ್‌ನಲ್ಲಿ ಕರಿಬೇವೂ ಸಿಗುತ್ತದೆ. ಕೋಟನ್ನು ಬಂದ ಮೇಲೆ ಕೊಂಡುಕೋ. ಶೇಂಗಾ ಚಟ್ನಿಪುಡಿಯ ಲೆಕ್ಕ ನಿನ್ನ ಅಮ್ಮನಿಗೆ ಬಿಟ್ಟದ್ದು.

ಮೂರನೆಯದಕ್ಕೆ ಸ್ವಲ್ಪ ಹೇಳಬೇಕು. ಬಂದ ಹೊಸತರಲ್ಲಿ ಮ್ಯಾನ್‌ಹಟನ್ನಿನ ಒಂದು ಕಚೇರಿಯಲ್ಲಿ ಸಹಾಯಕಿಯಾಗಿದ್ದೆ. ಸಂಬಳದ ತಾರತಮ್ಯದ ವಿರುದ್ಧ ಹೆಂಗಸೊಬ್ಬಳು ಹೂಡಿದ್ದ ದಾವೆಯ ಕಡತವನ್ನು ನನ್ನಿಂದ ತೆಗೆದುಕೊಂಡರು. ‘ನೀವೂ ಹೆಂಗಸು, ಅವಳ ಕಡೆಗೇ ವಾಲುತ್ತೀರಿ’ ಎಂದರು. ಹಿರಿಯರಿಗೆ ಎದುರಾಡಬಾರದೆಂಬ ಮನೆಯಲ್ಲಿ ಬೆಳೆದವಳು, ತಲೆಯಾಡಿಸಿದೆ. ಆ ಮಾತಿಗೆ ಉತ್ತರ ಅದೇ ಊರಿನ ಫೆಡರಲ್ ನ್ಯಾಯಾಲಯದಲ್ಲಿ 1975ರಲ್ಲೇ ಬರೆದಿಟ್ಟಿತ್ತು.

ಬರೆದವರು ವಕೀಲೆಯಾಗಿದ್ದು ನ್ಯಾಯಾಧೀಶೆಯಾದ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ. ಅವರ ತಂದೆತಾಯಿ ಕೆರಿಬಿಯನ್ನಿನ ನೆವಿಸ್ ದ್ವೀಪದಿಂದ ವಲಸೆ ಬಂದವರು, ತಂದೆ ಅಡುಗೆಯವರು. ಶಾಲೆಗಳಲ್ಲಿನ ವರ್ಣಭೇದವನ್ನು ಕೆಡವಿದ ಬ್ರೌನ್ ಮೊಕದ್ದಮೆಯ ದೂರಿನ ಕರಡು ಮಾಟ್ಲಿಯವರದು. 1962ರಲ್ಲಿ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್‌ಗೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದರು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ 10 ಪ್ರಕರಣಗಳಲ್ಲಿ 9 ಗೆದ್ದರು. 1966ರಲ್ಲಿ ಫೆಡರಲ್ ನ್ಯಾಯಾಧೀಶೆಯಾದ ಮೊದಲ ಕಪ್ಪು ಮಹಿಳೆ, ಮುಂದೆ 1982ರಲ್ಲಿ ಅದೇ ನ್ಯಾಯಾಲಯದ ಮುಖ್ಯ ನ್ಯಾಯಾಧೀಶೆ. ಆದರೂ 1975ರಲ್ಲಿ, ಸಲಿವನ್ ಅಂಡ್ ಕ್ರಾಮ್‌ವೆಲ್ ಎಂಬ ದೊಡ್ಡ ವಕೀಲ ಸಂಸ್ಥೆಯ ಮೇಲೆ ಮಹಿಳೆಯೊಬ್ಬರು ಹೂಡಿದ ಲಿಂಗ ತಾರತಮ್ಯದ ದಾವೆ ಅವರ ಮುಂದೆ ಬಂದಾಗ, ನೀವು ಕಪ್ಪು ಮಹಿಳೆ, ಪ್ರಕರಣದಿಂದ ಹಿಂದೆ ಸರಿಯಿರಿ ಎಂದು ಪ್ರತಿವಾದಿಗಳು ಕೇಳಿದರು. ಮಾಟ್ಲಿ ಒಪ್ಪಲಿಲ್ಲ. ಹುಟ್ಟು, ಲಿಂಗ, ಬಣ್ಣಗಳೇ ಕಾರಣವಾಗುವುದಾದರೆ ಈ ನ್ಯಾಯಾಲಯದ ಯಾವ ನ್ಯಾಯಾಧೀಶರೂ ಇದನ್ನು ಕೇಳುವಂತಿಲ್ಲ ಎಂಬುದು ಅವರ ಆದೇಶದ ತಾತ್ಪರ್ಯ. ಗಂಡಸಿಗೂ ಲಿಂಗವಿದೆ, ಬಿಳಿಯರಿಗೂ ಬಣ್ಣವಿದೆ ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡು.

ಆದರೆ ಅವರದು ಜೀವಾವಧಿ ಹುದ್ದೆ, ನಿನ್ನದು ವೀಸಾ. ಕಡತ ಕಿತ್ತುಕೊಂಡರೆ ಜಗಳವಾಡಬೇಡ. ಕಾರಣವನ್ನು ಇಮೇಲಿನಲ್ಲಿ ತಿಳಿಸಿ ಎಂದು ನಯವಾಗಿ ಕೇಳು. ಬರೆಯಬೇಕಾಗಿ ಬಂದರೆ ಅನೇಕರು ಮನಸ್ಸು ಬದಲಿಸುತ್ತಾರೆ.

2005ರಲ್ಲಿ ಮಾಟ್ಲಿ ತೀರಿಕೊಂಡರು. ಅವರ ನ್ಯಾಯಾಲಯದೆದುರಿನ ಫೋಲಿ ಚೌಕದಲ್ಲಿ ಕುಳಿತು ಮೊಸರನ್ನ ತಿನ್ನುತ್ತಿದ್ದ ನಾನು ಒಮ್ಮೆಯೂ ಒಳಗೆ ಹೋಗಿ ಅವರ ಕಲಾಪ ನೋಡಲಿಲ್ಲ. ನೀನು ಹೋಗು. ಸಾರ್ವಜನಿಕರಿಗೆ ಪ್ರವೇಶ ಉಚಿತ, ಮೊಬೈಲನ್ನು ಮಾತ್ರ ಬಾಗಿಲಲ್ಲಿ ಒಪ್ಪಿಸಬೇಕು. ಇನ್ನೊಂದು: ಇಲ್ಲಿ ವಕೀಲಿಕೆ ಮಾಡಲು ಬರೆಯಬೇಕಾದ ಬಾರ್ ಪರೀಕ್ಷೆಗೆ ಬೇಕಾದ ಅಂಕಪಟ್ಟಿಗಳನ್ನು ಊರಿನಲ್ಲಿರುವಾಗಲೇ ವಿಶ್ವವಿದ್ಯಾಲಯದಿಂದ ಹೊರಡಿಸಿಕೋ. ಇಲ್ಲಿಂದ ಫೋನು ಮಾಡಿದರೆ ಅಲ್ಲಿ ಯಾರೂ ಎತ್ತುವುದಿಲ್ಲ.