ಕೆಲಸ ಕೈಬಿಟ್ಟಾಗ ಕಾಮಿಕ್ಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಕೆಲಸ ಹೋಗಿದೆ, ಇಲ್ಲವೇ ಬಡ್ತಿ ತಪ್ಪಿದೆ, ಇಲ್ಲವೇ ಹಾಕಿದ ಬಂಡವಾಳ ಮುಳುಗಿದೆ. ಜೊತೆಗೆ ಚಿಕ್ಕಂದಿನ ಕಾಮಿಕ್ಸ್ ಹುಚ್ಚು ಮತ್ತೆ ತಲೆಯೆತ್ತಿದೆ. ಸಮಾಧಾನ ಹೇಳುವವರು ನಿಮ್ಮ ಸುತ್ತ ಇದ್ದೇ ಇರುತ್ತಾರೆ. ಇಲ್ಲಿ ಪೆನ್ಸಿಲ್ಲು, ಶಾಯಿ, ಅಳತೆಯ ಮಾತಷ್ಟೇ. ಬಹಳ ಜನ ಹೆಸರು ಬೇಡವೆಂದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ವಯಸ್ಸು 41. ಕೆಲಸ ಹೋಗಿ ಎಂಟು ತಿಂಗಳಾಯಿತು. ಸುಮಾರು 200 ಪುಟದ ಕಾಮಿಕ್ಸ್‌ಗೆ ಆಗುವಷ್ಟು ಕಥೆ ತಲೆಯಲ್ಲಿದೆ. ಮೂರು ಸಲ ಶುರು ಮಾಡಿ ಮೂರು ಸಲವೂ ಹತ್ತನೇ ಪುಟದ ಹೊತ್ತಿಗೆ ನಿಲ್ಲಿಸಿದೆ. ನನ್ನಲ್ಲಿ ಛಲ ಇಲ್ಲವೇ?

ಉತ್ತರ: ಛಲದ ವಿಷಯ ಆಮೇಲೆ, ಮೊದಲು ಲೆಕ್ಕ ನೋಡಿ. ಹೊಸಬರಿಗೆ ಕಪ್ಪು-ಬಿಳುಪಿನ ಒಂದು ಪುಟಕ್ಕೆ ಸುಮಾರು ಹತ್ತು ಗಂಟೆ ಹಿಡಿಯುತ್ತದೆ: ಕರಡಿಗೆ ಒಂದು, ಪೆನ್ಸಿಲ್‌ಗೆ ನಾಲ್ಕು, ಅಕ್ಷರಕ್ಕೆ ಒಂದು, ಶಾಯಿಗೆ ಮೂರು, ಅಳಿಸಿ ಸ್ಕ್ಯಾನ್ ಮಾಡಿ ಚೊಕ್ಕ ಮಾಡಲು ಒಂದು. ದಿನಕ್ಕೆ ಎರಡು ಗಂಟೆ ಕೂತರೆ ಪುಟಕ್ಕೆ ಐದು ದಿನ. 200 ಪುಟಕ್ಕೆ 1000 ದಿನ, ಅಂದರೆ ಒಂದು ದಿನವೂ ಬಿಡದೆ ಕೂತರೂ ಎರಡೂಮುಕ್ಕಾಲು ವರ್ಷ. ಅಷ್ಟರಲ್ಲಿ ನಿಮ್ಮ ಕೈ ಪಳಗಿರುತ್ತದೆ. ಮೊದಲ ಪುಟದ ನಾಯಕಿಗೂ ನೂರನೇ ಪುಟದ ನಾಯಕಿಗೂ ಹೋಲಿಕೆಯೇ ಇರುವುದಿಲ್ಲ. ಹಳೆಯದನ್ನು ತಿದ್ದೋಣ ಎಂದು ಹಿಂದೆ ಹೋದವರು ಮುಂದೆ ಬರುವುದು ಅಪರೂಪ. ಹತ್ತನೇ ಪುಟದಲ್ಲಿ ನಿಮ್ಮನ್ನು ನಿಲ್ಲಿಸಿದ್ದೂ ಬಹುಶಃ ಇದೇ.

ಆ ದೊಡ್ಡ ಕಥೆಯನ್ನು ಸದ್ಯಕ್ಕೆ ಎತ್ತಿಡಿ. ಎಂಟು ಪುಟದ್ದೊಂದು ಮಾಡಿ, ನಲವತ್ತು ದಿನದ ಕೆಲಸ. ಎರಡು ಎ4 ಹಾಳೆಯನ್ನು ನಡುವೆ ಮಡಿಸಿ ಒಂದರೊಳಗೊಂದು ಸೇರಿಸಿದರೆ ಎ5 ಅಳತೆಯ ಎಂಟು ಪುಟದ ಪುಸ್ತಿಕೆಯಾಗುತ್ತದೆ. ಇಬ್ಬರು ಪಾತ್ರಧಾರಿಗಳು, ಒಂದೇ ಜಾಗ, ಒಂದೇ ದಿನ ಸಾಕು. ದೊಡ್ಡ ಕಥೆಯಲ್ಲಿ ಬರುವ ಒಂದು ಸಣ್ಣ ಪಾತ್ರದ ಒಂದು ಮಧ್ಯಾಹ್ನವನ್ನೇ ತೆಗೆದುಕೊಂಡರೆ ಆ ಕಥೆಯ ಕೆಲಸವೂ ಒಂದಿಷ್ಟು ಆದಂತೆ.

ಕರಡನ್ನು ಸಣ್ಣದಾಗಿ, 5 ಸೆಂ.ಮೀ. ಅಗಲ 7 ಸೆಂ.ಮೀ. ಎತ್ತರದಲ್ಲಿ ಗೀಚಿ. ಇದಕ್ಕಿಂತ ದೊಡ್ಡದಾದರೆ ಕೈ ಮೂಗು, ಕಣ್ಣು ಬಿಡಿಸಲು ಹೊರಡುತ್ತದೆ. ಈ ಹಂತದಲ್ಲಿ ಬೇಕಿರುವುದು ಯಾರು ಎಲ್ಲಿ ನಿಂತಿದ್ದಾರೆ, ಮಾತು ಎಲ್ಲಿ ಕೂರುತ್ತದೆ ಎಂಬುದು ಮಾತ್ರ. ಎಂಟೂ ಪುಟದ ಕರಡು ಮುಗಿಯುವವರೆಗೆ ಒಳ್ಳೆಯ ಹಾಳೆ ಮುಟ್ಟಬೇಡಿ. ಪುಸ್ತಿಕೆಯಲ್ಲಿ 2-3, 4-5, 6-7 ಎದುರುಬದುರು ಬರುತ್ತವೆ. ಓದುಗರನ್ನು ಬೆಚ್ಚಿಬೀಳಿಸುವ ಚಿತ್ರ 3ನೇ ಅಥವಾ 5ನೇ ಪುಟದಲ್ಲಿದ್ದರೆ, ಪುಟ ತಿರುಗಿಸಿದ ಕೂಡಲೇ ಕಣ್ಣು ಅತ್ತ ಹೋಗಿ ಗುಟ್ಟು ರಟ್ಟಾಗುತ್ತದೆ. ಅಂಥದ್ದನ್ನು ಸಮಸಂಖ್ಯೆಯ ಪುಟದ ಮೊದಲ ಪ್ಯಾನೆಲ್‌ಗೆ (ಚಿತ್ರದ ಚೌಕಕ್ಕೆ) ಇಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಕಾಮಿಕ್ಸ್‌ನಿಂದ ಬರಬಹುದಾದ ಹಣವನ್ನು ಮುಂದಿನ ಎರಡು ವರ್ಷದ ಮನೆಖರ್ಚಿನ ಲೆಕ್ಕದಲ್ಲಿ ಸೊನ್ನೆ ಎಂದೇ ಬರೆದುಕೊಳ್ಳಿ. ಕೆಲಸ ಹುಡುಕುವ ಗಂಟೆ ಬೇರೆ, ಚಿತ್ರದ ಗಂಟೆ ಬೇರೆ ಇರಲಿ. ಒಂದರಲ್ಲಿ ಕೂತು ಇನ್ನೊಂದನ್ನು ನೆನೆದರೆ ಎರಡೂ ಹಾಳು.

ಪ್ರಶ್ನೆ: ಶಾಯಿ ಹಾಳೆಯಲ್ಲಿ ಹರಡಿ ಗೆರೆಗೆ ಮೀಸೆ ಬರುತ್ತದೆ. ಪೆನ್ಸಿಲ್ ಗೆರೆ ಅಳಿಸಿದರೆ ಕಪ್ಪು ಬೂದುಬಣ್ಣವಾಗುತ್ತದೆ. ಪೆನ್ನು ಬದಲಿಸಬೇಕೇ?

ಉತ್ತರ: ಮೀಸೆಗೆ ಕಾರಣ ಹಾಳೆ. ಜೆರಾಕ್ಸಿಗೆ ಬಳಸುವ 70-80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಕಾಗದಕ್ಕೆ ಹೀರಿಕೆ ತಡೆಯುವ ಅಂಟಿನ ಲೇಪ ಕಡಿಮೆ, ಹಾಗಾಗಿ ಶಾಯಿ ನಾರಿನ ಗುಂಟ ಹರಿಯುತ್ತದೆ. 180ರಿಂದ 250 ಜಿಎಸ್‌ಎಂನ, ನುಣುಪು ಮೈಯ ಹಾಳೆ ತನ್ನಿ. ಜಲವರ್ಣಕ್ಕೆಂದು ಮಾಡಿದ ಒರಟು ಹಾಳೆ ಎಷ್ಟೇ ದಪ್ಪಗಿದ್ದರೂ ಬೇಡ. ಅದರ ಉಬ್ಬುತಗ್ಗಿನಲ್ಲಿ ಗೆರೆ ಮುರಿಯುತ್ತದೆ, ನಿಬ್ಬು ಸಿಕ್ಕಿಕೊಂಡು ಚಿಮ್ಮುತ್ತದೆ.

ಬೂದುಬಣ್ಣವಾಗುವುದಕ್ಕೆ ಕಾರಣ ನಿಮ್ಮ ಪೆನ್ಸಿಲ್ಲು. ದಪ್ಪಗೆ ಬರೆದ ಸೀಸದ ಪುಡಿಯ ಮೇಲೆ ಶಾಯಿ ಕೂತರೆ ಅದು ಕಾಗದಕ್ಕೆ ಇಳಿಯುವುದೇ ಇಲ್ಲ, ರಬ್ಬರ್ ಎಳೆದಾಗ ಪುಡಿಯೊಂದಿಗೆ ಎದ್ದು ಬರುತ್ತದೆ. 2ಎಚ್ (ಗಟ್ಟಿ ಸೀಸದ್ದು) ಅಥವಾ ಎಚ್‌ಬಿ ಪೆನ್ಸಿಲ್‌ನಲ್ಲಿ ಹಗುರಾಗಿ ಬರೆಯಿರಿ. 2ಎಚ್ ಅನ್ನು ಒತ್ತಿ ಬರೆದರೆ ಹಾಳೆಯಲ್ಲಿ ಕಾಲುವೆ ಬೀಳುತ್ತದೆ, ಅದೂ ಬೇಡ. ಶಾಯಿ ಹಾಕುವ ಮುಂಚೆ ಹಿಟ್ಟಿನಂತೆ ನಾದಬಹುದಾದ ಮೆತ್ತನೆ ರಬ್ಬರನ್ನು ಒತ್ತಿ ಒತ್ತಿ ತೆಗೆದು ಪೆನ್ಸಿಲ್ ಗೆರೆಯನ್ನು ಮಸುಕು ಮಾಡಿಕೊಳ್ಳಿ. ಗೆರೆ ಒಣಗಲು ಒಂದು ಗಂಟೆ, ದೊಡ್ಡ ಕಪ್ಪು ಜಾಗಕ್ಕೆ ಒಂದು ರಾತ್ರಿ ಬಿಡಿ.

ಅದ್ದಿ ಬರೆಯುವ ನಿಬ್ಬಾದರೆ ಇನ್ನೊಂದು ವಿಷಯ. ತುಕ್ಕು ಹಿಡಿಯದಿರಲೆಂದು ಹೊಸ ನಿಬ್ಬಿಗೆ ಎಣ್ಣೆಯ ಲೇಪ ಇರುತ್ತದೆ, ಅದರ ಮೇಲೆ ಶಾಯಿ ನಿಲ್ಲದೆ ಹನಿಯಾಗಿ ಬಿದ್ದುಬಿಡುತ್ತದೆ. ಸೋಪಿನ ನೀರಲ್ಲಿ ತೊಳೆದು ಒರೆಸಿ. ಅದ್ದುವಾಗ ನಿಬ್ಬಿನ ನಡುವಿನ ತೂತು ಮುಳುಗಿದರೆ ಸಾಕು, ಹಿಡಿಯವರೆಗೆ ಬೇಡ. ಗೆರೆಯನ್ನು ನಿಮ್ಮ ಕಡೆಗೆ ಎಳೆಯಿರಿ. ಮೇಲಕ್ಕೆ ತಳ್ಳಿದರೆ ತುದಿ ಚುಚ್ಚಿಕೊಳ್ಳುತ್ತದೆ. ಬೇಕಾದರೆ ಹಾಳೆಯನ್ನೇ ತಿರುಗಿಸಿಕೊಳ್ಳಿ.

ಗೆರೆಯ ದಪ್ಪದಲ್ಲಿ ಅನೇಕರು ಮೋಸಹೋಗುತ್ತಾರೆ. ಎ4ನಲ್ಲಿ ಬಿಡಿಸಿ ಎ5ಗೆ ಇಳಿಸಿದಾಗ ಎಲ್ಲವೂ ಶೇ. 71ಕ್ಕೆ ಕುಗ್ಗುತ್ತದೆ. 0.1 ಮಿ.ಮೀ. ಗೆರೆ 0.07 ಆಗುತ್ತದೆ, ಮುದ್ರಣದಲ್ಲಿ ಅಲ್ಲಲ್ಲಿ ಕಡಿದುಹೋಗುತ್ತದೆ. ಪೆನ್ನಿನ ಮೇಲಿನ ಅಂಕಿಯನ್ನು ಮಿಲಿಮೀಟರ್ ಎಂದು ನಂಬಲೂ ಆಗದು: ಪಿಗ್ಮಾ ಮೈಕ್ರಾನ್ ಎಂಬ ಪೆನ್ನಿನಲ್ಲಿ 01 ಎಂದರೆ 0.25 ಮಿ.ಮೀ., 05 ಎಂದರೆ 0.45. ಸೂಕ್ಷ್ಮ ವಿವರಕ್ಕೆ 0.25, ಮೈಗೆರೆಗೆ 0.45, ಪ್ಯಾನೆಲ್ ಅಂಚಿಗೆ ಅದಕ್ಕಿಂತ ದಪ್ಪ, ಕಪ್ಪು ತುಂಬಲು ಬ್ರಶ್ ಪೆನ್. ಮೊದಲ ಪುಸ್ತಿಕೆಗೆ ಇಷ್ಟು ಸಾಕು.

ಪ್ರಶ್ನೆ: ಚಿತ್ರ ಎಲ್ಲ ಮುಗಿಸಿದ ಮೇಲೆ ಮಾತು ಬರೆಯಲು ಹೋದರೆ ಬಲೂನಿಗೆ (ಮಾತಿನ ಗುಳ್ಳೆಗೆ) ಜಾಗವೇ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಕೆಲವು ಒಡೆದೇ ಹೋಗುತ್ತವೆ.

ಉತ್ತರ: ಕನ್ನಡದಲ್ಲಿ ಕಾಮಿಕ್ಸ್ ಮಾಡುವವರು ಹೆಚ್ಚು ಎಡವುವುದು ಇಲ್ಲೇ. ಕಲಿಕೆಯ ಪುಸ್ತಕ, ವಿಡಿಯೊ ಬಹುತೇಕ ಇಂಗ್ಲಿಷಿನವು, ಅವುಗಳ ಅಳತೆ ನಮ್ಮ ಲಿಪಿಗೆ ಕೂರುವುದಿಲ್ಲ. ಅಲ್ಲಿ ಕಾಮಿಕ್ಸ್ ಅಕ್ಷರ ಸಾಮಾನ್ಯವಾಗಿ ಬರೀ ದೊಡ್ಡಕ್ಷರ, ಮೇಲೆ ಕೆಳಗೆ ಏನೂ ಚಾಚದು. ನಮಗೆ ಮೇಲೆ ಗುಡಿಸು-ಏತ್ವ, ನಡುವೆ ಅಕ್ಷರದ ಮೈ, ಕೆಳಗೆ ಒತ್ತು: ಮೂರು ಅಂತಸ್ತು.

ಕೈಬರಹವಾದರೆ ಎ4 ಹಾಳೆಯಲ್ಲಿ ಮೇಲಿನ ಅಂತಸ್ತಿಗೆ 1.5 ಮಿ.ಮೀ., ಮೈಗೆ 3, ಒತ್ತಿಗೆ 2.5, ಒಟ್ಟು ಸಾಲಿಗೆ 7 ಮಿ.ಮೀ. ಎಂದು ತೆಳುಗೆರೆ ಹಾಕಿಕೊಳ್ಳಿ. ಎ5ಗೆ ಇಳಿದಾಗ ಸಾಲು 5 ಮಿ.ಮೀ. ಆಗಿ ಸುಖವಾಗಿ ಓದಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಾದರೆ 10 ಪಾಯಿಂಟ್ ಅಕ್ಷರಕ್ಕೆ 14-15 ಪಾಯಿಂಟ್ ಸಾಲಂತರ ಕೊಡಿ. ತಂತ್ರಾಂಶ ತಾನಾಗಿ ಕೊಡುವ 12 ಸಾಲದು, ಒತ್ತು ತಾಗುವುದು ಅದರಿಂದಲೇ.

ಇನ್ನು ಪದದ ಉದ್ದ. "ಹೋಗಬೇಕಾಗಿತ್ತಲ್ಲವೇ" ಎಂಬ ಒಂದೇ ಪದ ಸಣ್ಣ ಬಲೂನಿನ ಇಡೀ ಅಗಲ ನುಂಗುತ್ತದೆ. ಅಡ್ಡಗೆರೆ ಹಾಕಿ ಮುರಿದರೆ ಓದು ತಡವರಿಸುತ್ತದೆ. "ಹೋಗ್ಬೇಕಿತ್ತಲ್ವಾ" ಎಂದರೆ ಜಾಗವೂ ಉಳಿಯಿತು, ಪಾತ್ರಕ್ಕೆ ನಾಲಿಗೆಯೂ ಬಂತು. ಬಲೂನಿಗೆ ಹತ್ತು-ಹನ್ನೆರಡು ಪದ, ಎ5 ಪುಟಕ್ಕೆ ಅರವತ್ತು-ಎಪ್ಪತ್ತು ಪದ ದಾಟಬೇಡಿ. ಮೇಲಿನ ಮತ್ತು ಕೊನೆಯ ಸಾಲು ಗಿಡ್ಡ, ನಡುವಿನವು ಉದ್ದ ಇದ್ದರೆ ಮಾತು ಬಲೂನಿನ ಆಕಾರಕ್ಕೆ ಒಗ್ಗುತ್ತದೆ.

ಹಾಗಾಗಿ ಕ್ರಮವನ್ನೇ ತಿರುಗಿಸಿ: ಕರಡು, ಆಮೇಲೆ ಅಕ್ಷರ, ಆಮೇಲೆ ಅಕ್ಷರದ ಸುತ್ತ ಬಲೂನು, ಉಳಿದ ಜಾಗದಲ್ಲಿ ಚಿತ್ರ. ಬಲೂನಿನ ಬಾಲ ಬಾಯಿಯತ್ತ ಮುಖಮಾಡಿ ಅರ್ಧದಾರಿ ದಾಟಿ ನಿಂತರೆ ಸಾಕು. ತುಟಿಗೆ ತಾಗಿಸಿದರೆ ಕೊಳವೆಯಲ್ಲಿ ಕುಡಿಯುತ್ತಿರುವಂತೆ ಕಾಣುತ್ತದೆ. ಒತ್ತಿ ಹೇಳುವ ಮಾತಿಗೆ ಅಕ್ಷರ ದಪ್ಪ ಮಾಡಿ. ಓರೆ ಮಾಡಿದರೆ ನಮ್ಮ ದುಂಡಕ್ಷರ ಬೀಳುತ್ತಿರುವಂತೆ ಕಾಣುತ್ತದೆ, ನೋಟಕ್ಕೆ ಹಿತವಲ್ಲ. ಸದ್ದಿನ ಪದಗಳನ್ನು ಫಾಂಟಿನಲ್ಲಿ ಹಾಕಬೇಡಿ, ಬ್ರಶ್ಶಿನಲ್ಲಿ ಬರೆಯಿರಿ. ಧಡಾರ್, ಟಣ್, ಚಟಚಟ, ಗುಡುಗುಡು, ದಬದಬ, ಸರಬರ ಎಂದು ಇಷ್ಟು ಅನುಕರಣ ಪದ ಇರುವ ಭಾಷೆಯಲ್ಲಿ "ಬೂಮ್" ಎಂದೇ ಬರೆಯುವವರನ್ನು ಕಂಡರೆ ಸಂಕಟವಾಗುತ್ತದೆ.

ಒಡೆಯುವ ಒತ್ತಕ್ಷರದ ವಿಚಾರ: ಯುನಿಕೋಡ್ ಫಾಂಟನ್ನೇ ಬಳಸಿ. ಅಡೋಬಿ ತಂತ್ರಾಂಶಗಳಾದರೆ ವರ್ಲ್ಡ್-ರೆಡಿ ಎಂಬ ಪಠ್ಯಜೋಡಣೆಯನ್ನು ಆರಿಸಬೇಕು, ಇಲ್ಲದಿದ್ದರೆ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತದೆ. ಉಚಿತವಾದ ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಕೆಲಸ ಶುರುಮಾಡುವ ಮುಂಚೆ "ರಾಷ್ಟ್ರ, ಸ್ತ್ರೀ, ಸೂರ್ಯ, ಲಕ್ಷ್ಮಿ" ಎಂದು ಟೈಪಿಸಿ ನೋಡಿ. ಈ ನಾಲ್ಕು ಸರಿ ಬಂದರೆ ಮಿಕ್ಕಿದ್ದೂ ಹೆಚ್ಚುಕಮ್ಮಿ ಬಂದಂತೆ. "ನೋಟೊ ಸಾನ್ಸ್ ಕನ್ನಡ", "ಬಾಲೂ ತಮ್ಮ" ಎಂಬ ಫಾಂಟುಗಳು ಮುಕ್ತ ಪರವಾನಗಿಯವು, ಮಾರುವ ಪುಸ್ತಕದಲ್ಲೂ ಬಳಸಬಹುದು. ಮುದ್ರಣಕ್ಕೆ ಕೊಡುವಾಗ ಅಕ್ಷರವನ್ನು ಗೆರೆಯ ಆಕಾರಕ್ಕೆ (ಔಟ್‌ಲೈನ್) ಬದಲಿಸಿ ಕೊಡಿ. ತಿದ್ದಲು ಬರುವ ಮೂಲ ಪ್ರತಿ ಮಾತ್ರ ನಿಮ್ಮಲ್ಲಿರಲಿ.

ಪ್ರಶ್ನೆ: ಮೂರು ಕಡೆಯಿಂದ ತಿರಸ್ಕಾರ. ಒಬ್ಬ ಸಂಪಾದಕರು "ಚಿತ್ರ ಚೆನ್ನಾಗಿದೆ, ಕಥೆ ಹಿಡಿಯಲಾಗುತ್ತಿಲ್ಲ" ಎಂದು ಬರೆದರು. ಕಥೆ ಬದಲಿಸಲೇ?

ಉತ್ತರ: ಬೇಡ. ಆ ಸಂಪಾದಕರು ನಿಮಗೆ ಉಪಕಾರವನ್ನೇ ಮಾಡಿದ್ದಾರೆ. ತೊಡಕು ಬಹುಶಃ ಕಥೆಯದಲ್ಲ, ಪುಟದಲ್ಲಿ ಚಿತ್ರ ಜೋಡಿಸಿದ ರೀತಿಯದು. ಕಥೆಯೇ ಗೊತ್ತಿಲ್ಲದ ಒಬ್ಬರ ಮುಂದೆ ಪುಟ ಇಟ್ಟು, ಓದುತ್ತಾ ಹೋದಂತೆ ಬೆರಳಿಡಲು ಹೇಳಿ. ನೀವು ಬಾಯಿ ತೆರೆಯಬೇಡಿ. ಬೆರಳು ಎಲ್ಲಿ ತಡೆಯಿತೋ, ಎಲ್ಲಿ ಹಿಂದೆ ಹೋಯಿತೋ ಅಲ್ಲಿ ಗುರುತು ಮಾಡಿ.

ಸಾಮಾನ್ಯವಾಗಿ ಸಿಗುವ ದೋಷಗಳು ಇವು. ಎಡಕ್ಕೆ ಒಂದರ ಕೆಳಗೊಂದು ಎರಡು ಪ್ಯಾನೆಲ್, ಬಲಕ್ಕೆ ಒಂದು ಉದ್ದನೆಯದು: ಓದುಗ ಮೇಲಿನದರಿಂದ ನೇರ ಬಲಕ್ಕೆ ಹಾರಿ ಕೆಳಗಿನದನ್ನು ಕೊನೆಗೆ ಓದುತ್ತಾನೆ. ಉದ್ದನೆಯದನ್ನು ಎಡಕ್ಕೆ ತನ್ನಿ. ಆಗದಿದ್ದರೆ ಆ ಎರಡರ ನಡುವಿನ ಸಂದು 3 ಮಿ.ಮೀ., ಉದ್ದನೆಯದಕ್ಕೂ ಅವಕ್ಕೂ ನಡುವಿನ ಸಂದು 6 ಮಿ.ಮೀ. ಇಡಿ; ಹತ್ತಿರವಿದ್ದದ್ದನ್ನು ಕಣ್ಣು ಮೊದಲು ಓದುತ್ತದೆ. ಮೊದಲು ಮಾತಾಡುವವರು ಎಡಕ್ಕಿರಬೇಕು; ಬಲಕ್ಕಿದ್ದರೆ ಬಾಲಗಳು ಒಂದನ್ನೊಂದು ದಾಟುತ್ತವೆ. ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಊಹಿಸಿ, ನಿಮ್ಮ ನೋಟ ಸದಾ ಅದರ ಒಂದೇ ಬದಿಯಲ್ಲಿರಲಿ. ಗೆರೆ ದಾಟಿದರೆ ಎಡಗಡೆಯವನು ಬಲಕ್ಕೆ ಬಂದುಬಿಡುತ್ತಾನೆ. ದೂರದ ಕಂಬದ ಗೆರೆ ಹತ್ತಿರದವನ ತಲೆಯ ಅಂಚಿಗೆ ಸರಿಯಾಗಿ ತಾಗಿದರೆ ಎರಡೂ ಅಂಟಿಕೊಂಡಂತೆ ಕಾಣುತ್ತವೆ: ಒಂದೋ ಸ್ಪಷ್ಟವಾಗಿ ಮರೆಮಾಡಿ, ಇಲ್ಲವೇ ದೂರ ಸರಿಸಿ. ಬರೀ ಮುಖಗಳ ಪುಟ ಇನ್ನೊಂದು ಕಾಯಿಲೆ. ಪುಟಕ್ಕೊಂದಾದರೂ ಪ್ಯಾನೆಲ್‌ನಲ್ಲಿ ಪೂರ್ತಿ ದೇಹ, ಪೂರ್ತಿ ಜಾಗ ಕಾಣಲಿ.

ಮುಂದಿನ ಸಲ ಕಳಿಸುವಾಗ ಬಿಡಿ ಚಿತ್ರ, ಮುಖಪುಟ ಬೇಡ. ಅನುಕ್ರಮವಾದ ಐದರಿಂದ ಎಂಟು ಮುಗಿದ ಪುಟ, ಅಂತ್ಯವನ್ನೂ ಹೇಳುವ ಒಂದು ಪುಟದ ಸಾರಾಂಶ, ಹಗುರಾದ ಒಂದೇ ಪಿಡಿಎಫ್.

ಪ್ರಶ್ನೆ: ಇದ್ದಬದ್ದ ಉಳಿತಾಯದಲ್ಲಿ ಡ್ರಾಯಿಂಗ್ ಟ್ಯಾಬ್ಲೆಟ್ ಕೊಳ್ಳಬಹುದೇ?

ಉತ್ತರ: ಮೊದಲ ಎಂಟು ಪುಟ ಮುಗಿಯುವವರೆಗೆ ಬೇಡ. ಕಾಗದದ ಮೂಲವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿದರೆ ಯಾವ ಮುದ್ರಣಕ್ಕೂ ಸಾಲುತ್ತದೆ. ಬಣ್ಣದ ಪುಟಕ್ಕೆ ಮುದ್ರಣದ ಅಳತೆಯಲ್ಲಿ 300 ಸಾಕು. ಅಂಚಿನವರೆಗೆ ಹೋಗುವ ಚಿತ್ರವನ್ನು ಎಲ್ಲ ಬದಿಗೂ 3 ಮಿ.ಮೀ. ಹೊರಗೆ ಚಾಚಿ, ಕತ್ತರಿಸುವಾಗ ಬಿಳಿ ಅಂಚು ಉಳಿಯದು. ಫೋನಿನಲ್ಲಿ ಕೆಳಕ್ಕೆ ಸರಿಸುತ್ತಾ ಓದುವ ಕಾಮಿಕ್ಸ್ ಮಾಡುವುದಾದರೆ 1600 ಪಿಕ್ಸೆಲ್ ಅಗಲದಲ್ಲಿ ಬಿಡಿಸಿ 800ಕ್ಕೆ ಇಳಿಸಿ, ಅಕ್ಷರವನ್ನು ಫೋನಿನಲ್ಲೇ ಓದಿ ನೋಡಿ.

ಪ್ರಶ್ನೆ: ಒಂದು ಸಂಸ್ಥೆ ಒಮ್ಮೆಗೇ ಹಣ ಕೊಟ್ಟು "ಎಲ್ಲ ಹಕ್ಕು" ಬರೆಸಿಕೊಳ್ಳುತ್ತೇವೆ ಎನ್ನುತ್ತಿದೆ. ಕೈ ಬರಿದಾಗಿದೆ, ಸಹಿ ಹಾಕಲೇ?

ಉತ್ತರ: ಬೇರೆಯವರ ಕಥೆಗೆ ಚಿತ್ರ ಬರೆದುಕೊಟ್ಟಿದ್ದರೆ ಹಾಕಬಹುದು, ಅದು ಕೂಲಿ. ಪಾತ್ರ, ಕಥೆ ನಿಮ್ಮವೇ ಆದರೆ ಹಕ್ಕಿನ ವರ್ಗಾವಣೆ ಬೇಡ, ಬಳಕೆಯ ಅನುಮತಿ ಮಾತ್ರ ಕೊಡುತ್ತೇನೆ ಎನ್ನಿ. ಯಾವ ಭಾಷೆ, ಯಾವ ರೂಪ, ಎಷ್ಟು ವರ್ಷ ಎಂಬ ಮೂರನ್ನೂ ಒಪ್ಪಂದದಲ್ಲಿ ಬರೆಸಿ. ನಿಗದಿತ ಅವಧಿಯಲ್ಲಿ ಅವರು ಪ್ರಕಟಿಸದಿದ್ದರೆ ಹಕ್ಕು ನಿಮಗೆ ಮರಳಬೇಕು ಎಂಬ ಸಾಲು ಇರಲೇಬೇಕು. ಮೂಲ ಹಾಳೆಗಳು ಯಾರ ಬಳಿ ಉಳಿಯುತ್ತವೆ ಎಂಬುದೂ. ಸಹಿಗೆ ಮುಂಚೆ ಒಪ್ಪಂದವನ್ನು ಒಬ್ಬ ವಕೀಲರಿಗೆ ತೋರಿಸಿ.

ಪ್ರಶ್ನೆ: ನನಗೆ 58. ತಡವಾಯಿತೇ?

ಉತ್ತರ: ಕೈಗೆ ತಡವಾಗಿಲ್ಲ, ಕಣ್ಣಿನ ಕಡೆ ಗಮನ ಕೊಡಿ. ಓದುವ ಕನ್ನಡಕದ ದೂರ ಮತ್ತು ಚಿತ್ರದ ಹಾಳೆಯ ದೂರ ಒಂದೇ ಅಲ್ಲ. ನೀವು ಕೂರುವ ದೂರವನ್ನು ಅಳೆದು ಕಣ್ಣಿನ ವೈದ್ಯರಿಗೆ ಹೇಳಿ. ಎ4 ಬದಲು ಎ3ಯಲ್ಲಿ ಬಿಡಿಸಿ ಎ5ಗೆ ಅರ್ಧಕ್ಕರ್ಧ ಇಳಿಸಿದರೆ ಸಣ್ಣ ನಡುಕ ಮುದ್ರಣದಲ್ಲಿ ಕಾಣದು. ಆಗ ಮೇಲೆ ಹೇಳಿದ್ದರ ಸುಮಾರು ಒಂದೂವರೆ ಪಟ್ಟು ಅಕ್ಷರವನ್ನು ದೊಡ್ಡದು, ಗೆರೆಯನ್ನು ದಪ್ಪ ಮಾಡಿಕೊಳ್ಳಿ. ಹಲಗೆ ತುಸು ಇಳಿಜಾರಾಗಿರಲಿ, ಬಲಗೈಯವರಾದರೆ ದೀಪ ಎಡಕ್ಕಿರಲಿ. ಅರ್ಧ ಗಂಟೆಗೊಮ್ಮೆ ಪೆನ್ನು ಕೆಳಗಿಟ್ಟು ದೂರದ್ದೇನಾದರೂ ನೋಡಿ.